ಈಸ್ಟರ್ ನಂತರದ ನಡಿಗೆ

ಮಂಗಳೂರಿನ ಕದ್ರಿಯ ಫ್ಲಾವಿಯಾರಿಗೆ ವ್ಯಾಯಾಮವೆಂದರೆ ವ್ರತ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಶುರುವಾದರೆ ಮಾಂಸ ಬಿಟ್ಟು, ಸಿಹಿ ಬಿಟ್ಟು, ದಿನಾ ಗುಡ್ಡೆ ಹತ್ತಿ ಇಳಿಯುತ್ತಿದ್ದರು. ತೂಕವೂ ಇಳಿಯುತ್ತಿತ್ತು. ಈಸ್ಟರ್ ದಿನ ಅಕ್ಕಿಹಿಟ್ಟಿನ ಸನ್ನ, ಪೋರ್ಕ್ ಮೇಜಿಗೆ ಬಂದದ್ದೇ ತಡ, ಶೂ ಮಂಚದಡಿ ಸೇರುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಇಳಿದದ್ದೆಲ್ಲ ಬಡ್ಡಿ ಸಮೇತ ವಾಪಸ್.

"ಮುಂದಿನ ತಪಸ್ಸು ಕಾಲಕ್ಕೆ ಇಳಿಸಿದರಾಯ್ತು ಮಾರಾಯ್ತಿ" ಎಂದು ಗಂಡ ಕಜೆಟನ್ ನಗುತ್ತಿದ್ದರು.

ಈ ಸಲ ಈಸ್ಟರ್ ಕಳೆದು ಕೆಲವೇ ವಾರ. ಫ್ಲಾಟಿನ ಮೆಟ್ಟಿಲು ಹತ್ತುವಾಗ ಫ್ಲಾವಿಯಾರಿಗೆ ಉಸಿರು ಸಿಗಲಿಲ್ಲ. ಎದೆ ಡವಡವ, ಕಣ್ಣು ಕತ್ತಲೆ. ಹೋದ ವರ್ಷ ಅಕ್ಕ ಲಿಡಿಯಾ ಕುಸಿದದ್ದೂ ಹೀಗೇ, ಮೆಟ್ಟಿಲಿನಲ್ಲೇ, ಮತ್ತೆ ಏಳಲಿಲ್ಲ. ಫ್ಲಾವಿಯಾ ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟರು. ಉಸಿರು ಮರಳಿದ ಮೇಲೆ ಆಸ್ಪತ್ರೆಗೆ ಹೋದರು.

ಡಾಕ್ಟರು ಪರೀಕ್ಷಿಸಿ, "ಹೃದಯಕ್ಕೆ ಸದ್ಯಕ್ಕೆ ತೊಂದರೆ ಇಲ್ಲ. ಬಿ.ಪಿ. ಹೆಚ್ಚುಂಟು. ತೂಕ ಇಳಿಸಿ, ಮೆಲ್ಲ ನಡೆಯಲು ಶುರು ಮಾಡಿ" ಎಂದರು. 'ಸದ್ಯಕ್ಕೆ' ಎಂಬ ಮಾತು ಮಾತ್ರ ಫ್ಲಾವಿಯಾರ ಕಿವಿಯಲ್ಲಿ ಉಳಿಯಿತು.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಕೆಳಮನೆಯ ಶಮೀಮಾ ಸಿಕ್ಕಿದಳು. ಅವಳು ಫಿಸಿಯೋಥೆರಪಿಸ್ಟ್.

"ಎಲ್ಲಿಗೆ ಆಂಟಿ, ಇಷ್ಟು ಗಡಿಬಿಡಿಯಲ್ಲಿ?"

"ಗುಡ್ಡೆಗೆ. ಇನ್ನು ದಿನಾ ಎರಡು ಗಂಟೆ ನಡೀತೇನೆ. ನನಗೆ ಹೆದರಿಕೆ ಆಗ್ತದೆ."

"ಹೆದರಿ ಎಷ್ಟು ದಿನ ನಡೀತೀರಿ? ನಿಮ್ಮ ವ್ರತಕ್ಕೆ ಈಸ್ಟರ್ ಉಂಟು, ನಮ್ಮ ಉಪವಾಸಕ್ಕೆ ಈದ್ ಉಂಟು. ಇದಕ್ಕೆ ಹಾಗೆ ಮುಗಿಯುವ ದಿನ ಇಲ್ಲ. ವರ್ಷಪೂರ್ತಿ ಮಾಡ್ಲಿಕ್ಕೆ ಆಗುವಷ್ಟೇ ಇಟ್ಟುಕೊಳ್ಳಿ."

ಇಬ್ಬರೂ ಮನೆಗೆ ಬಂದು ಕಜೆಟನ್ ಎದುರೇ ಕೂತರು. ಶಮೀಮಾ ಬಿಡಿಸಿ ಹೇಳಿದಳು. "ಮೊದಲು ಸಮತಟ್ಟು ರಸ್ತೆಯಲ್ಲಿ ಹತ್ತು ನಿಮಿಷ. ನಡೆಯುತ್ತಾ ಮಾತಾಡ್ಲಿಕ್ಕೆ ಆಗುವಷ್ಟೇ ವೇಗ. ಮೆಲ್ಲ ಅರ್ಧ ಗಂಟೆಗೆ ಏರಿಸುವ, ವಾರಕ್ಕೆ ಐದು ದಿನ. ಎರಡು ದಿನ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಕಾಲಿಗೆ ಬಲ ಬರ್ತದೆ. ಎದೆನೋವು, ತಲೆಸುತ್ತು ಬಂದ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗ್ಬೇಕು."

"ಮಳೆಗಾಲದಲ್ಲಿ ಎಂತ ಮಾಡುದು? ಕೊಡೆ ಹಿಡಿದು ಓಡುದಾ?" ಕಜೆಟನ್ ಕೊಂಕು ತೆಗೆದರು.

"ಅದನ್ನೇ ಈಗ ಯೋಚಿಸ್ಬೇಕು ಅಂಕಲ್. ಹಾಲ್‌ನಲ್ಲೇ ನಡೀಲಿ. ಮದುವೆ, ಹಬ್ಬ ಅಂತ ಒಂದು ದಿನ ತಪ್ಪಿದ್ರೆ ಮರುದಿನ ಪುನಃ ಶುರು. ತಪ್ಪಿತು ಅಂತ ಬಿಟ್ಟುಬಿಡುದಲ್ಲ."

ಜೂನಿನಲ್ಲಿ ಮಳೆ ಹಿಡಿಯಿತು. ಅಲ್ಲಿಯವರೆಗೆ ತಪ್ಪದೆ ನಡೆದಿದ್ದ ಫ್ಲಾವಿಯಾ ರಸ್ತೆಗೆ ಇಳಿಯಲಾಗದೆ ಕಿಟಕಿಯ ಬಳಿ ಕೂತಿದ್ದರು. ಈ ಸಲವೂ ಇಳಿದ ತೂಕವೆಲ್ಲ ವಾಪಸ್ ಬರುತ್ತದೆ, ಮೆಟ್ಟಿಲಿನಲ್ಲಿ ತಾನೂ ಒಂದು ದಿನ ಬೀಳುತ್ತೇನೆ ಎಂಬ ಹೆದರಿಕೆ. ಹಿಂದೆ ಏನೋ ಎಳೆದ ಸದ್ದಾಯಿತು. ಕಜೆಟನ್ ಸೋಫಾವನ್ನು ಗೋಡೆಗೆ ಸರಿಸುತ್ತಿದ್ದರು.

"ಎಂತ ಮಾಡ್ತಾ ಇದ್ದೀರಿ?"

"ಜಾಗ ಮಾಡ್ತೇನೆ. ಬಾ, ನಡೆಯುವ." ಅವರು ನಗಲಿಲ್ಲ. "ಲಿಡಿಯಾ ಬಿದ್ದಾಗ ಎತ್ತಿದ್ದು ನಾನು, ಫ್ಲಾವಿ. ನಿನ್ನನ್ನು ಹಾಗೆ ಎತ್ತಲಿಕ್ಕೆ ನನ್ನಿಂದ ಆಗುದಿಲ್ಲ."

ಅಂದು ಇಬ್ಬರೂ ಕಿಟಕಿಯಿಂದ ಅಡುಗೆಮನೆಯವರೆಗೆ ಹೋಗುತ್ತ ಬರುತ್ತ ನಡೆದರು.

ಅಕ್ಕಂದಿರೇ, ಅಣ್ಣಂದಿರೇ, ಹೆದರಿಕೆ ನಮ್ಮನ್ನು ಒಂದು ವಾರ ನಡೆಸೀತು, ವರ್ಷವಿಡೀ ನಡೆಸದು. ಡಾಕ್ಟರನ್ನು ಕೇಳಿ, ಮಳೆಗೂ ಹಬ್ಬಕ್ಕೂ ಹೊಂದುವ ಯೋಜನೆಯನ್ನು ಇವತ್ತೇ ಮಾಡಿ. ನಿಮ್ಮ ಮನೆಯಲ್ಲೂ ಬಾಯಿಬಿಡದೆ ಹೆದರುತ್ತಿರುವವರು ಒಬ್ಬರಿರಬಹುದು. ಅವರನ್ನೂ ಜೊತೆಗೆ ಕರೆದುಕೊಳ್ಳಿ.