ಬಲೆ ಸುತ್ತಿದ ಹೆಣ

"ಇನ್ನೂ ಆಳಕ್ಕೆ ತೋಡೇ, ಮುಂಡೆ. ಕೊಂದಿದ್ದು ನೀನು, ನಾತ ಕುಡಿಯೋದು ನಾವಾ?"

ಮಾತು ಧಣಿಯದು. ಹೂಳೆತ್ತುವ ಯಂತ್ರದ ಮಾಲೀಕ. ಅಳಿವೆಯ ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದ. ಡಾಲ್ಫಿನ್ ರಕ್ಷಣಾ ಸಮಿತಿಯ ಅಧ್ಯಕ್ಷನೂ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು?

ಬಲೆಯಕ್ಕ ಸೊಂಟದುದ್ದದ ಗುಂಡಿಯೊಳಗೆ ನಿಂತು ಮರಳು ಎತ್ತಿ ಹಾಕುತ್ತಿದ್ದಳು. ಮೇಲೆ, ಅವಳದೇ ಬಲೆ ಸುತ್ತಿಕೊಂಡು, ಸತ್ತ ಡಾಲ್ಫಿನ್ ಬಿದ್ದಿತ್ತು.

ತಪ್ಪು ಅವಳದೇ. ಬೆಳಿಗ್ಗೆ ಅಳಿವೆಯ ಬಾಯಲ್ಲಿ ಅದು ತೇಲುತ್ತಿದ್ದುದನ್ನು ಕಂಡವಳು ಬಾಲಕ್ಕೆ ಹಗ್ಗ ಬಿಗಿದು ಎಳೆದು ತರಬಹುದಿತ್ತು. ಹಗ್ಗ ಚರ್ಮ ಕುಯ್ಯುತ್ತದಲ್ಲ ಎಂದು ಕರುಳು ಚುರುಕ್ ಅಂದಿತು. ತನ್ನ ಬಲೆಯನ್ನೇ ಹೊದಿಸಿ, ಎಳೆಗೂಸನ್ನು ಸುತ್ತಿದ ಹಾಗೆ ಸುತ್ತಿ ದಡಕ್ಕೆ ತಂದಳು. ತಾನೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಸಾಹೇಬರನ್ನು ಕರೆದಳು. ಬಂದ ಸಾಹೇಬರಿಗೆ ಕಂಡದ್ದು ಬಲೆ ಮಾತ್ರ. ಹೂಳಲು ಗುಂಡಿಯನ್ನೂ ಅವಳಿಂದಲೇ ತೋಡಿಸಿ, ಈಗ ಅದರ ಅಂಚಿನಲ್ಲಿ ನಿಂತು ಕೇಳಿದರು.

"ಬಲೆ ಯಾರದು?"

"ನಂದೇ ಸಾಮಿ. ಆದ್ರೆ ಬಲೆಗೆ ಬಿದ್ದು ಸತ್ತಿದ್ದಲ್ಲ. ಮಗುಚಿ ಹೊಟ್ಟೆ ನೋಡಿ, ಯಂತ್ರದ ಅಲಗು ಸೀಳಿದೆ."

"ಬಲೆ ಇದೆ, ಹೆಣ ಇದೆ, ಇನ್ನೇನು ನೋಡೋದು?" ಸಾಹೇಬರು ಕಾಗದ ಚಾಚಿದರು. "ಹೆಬ್ಬೆಟ್ಟು ಒತ್ತು. ಇನ್ಮೇಲೆ ಇಲ್ಲಿ ಕೈಬಲೆ ಬೀಸೋ ಹಾಗಿಲ್ಲ."

"ಯಂತ್ರ?"

"ಅದಕ್ಕೆ ಪರವಾನಗಿ ಇದೆ. ನಾಳೆಯಿಂದ ಅಳಿವೆ ಬಾಯಲ್ಲೇ ಕೆಲಸ."

ಅವಳು ಗುಂಡಿಯ ಅಂಚು ಹಿಡಿದಳು. "ಅಲ್ಲೇ ಸಾಮಿ ಅವು ಮರಿ ಹಾಕೋದು. ಆ ಆಳವಿಲ್ಲದ ನೀರು ಬಿಟ್ರೆ ಅವಕ್ಕೆ ಬೇರೆ ಜಾಗ ಇಲ್ಲ."

"ನಿನ್ನ ಮನೆಗೆ ಕರ್ಕೊಂಡು ಹೋಗಿ ಬಾಣಂತನ ಮಾಡು," ಅಂದ ಧಣಿ. "ಗಂಡ ಇಲ್ಲ, ಮಕ್ಕಳಿಲ್ಲ. ಜಾಗಕ್ಕೇನು ಬರ?"

ಸಾಹೇಬರು ನಕ್ಕರು. ಗುದ್ದಲಿ ಊರಿಕೊಂಡು ನಿಂತಿದ್ದ ಅವಳ ಮೈದುನನೂ ನಕ್ಕ. ಯಂತ್ರ ಓಡಿಸುವವನು ಅವನೇ.

"ನೀನಾದ್ರೂ ಹೇಳೋ," ಅಂದಳು. "ಅಲಗಿಗೆ ಏನೋ ಸಿಕ್ತು, ನೀರೆಲ್ಲ ಕೆಂಪಾಯ್ತು ಅಂತ ನಿನ್ನೆ ನನ್ನ ಬಾಗಿಲಲ್ಲಿ ನಿಂತು ಹೇಳಲಿಲ್ವಾ?"

ಅವನು ಗುದ್ದಲಿಯ ಕಾವು ಸವರಿದ. "ನಂಗೇನೂ ಗೊತ್ತಿಲ್ಲ ಅತ್ತಿಗೆ."

"ಥೂ, ನಿನ್ನ ಬಾಯಿಗೆ ಮಣ್ಣು ಹಾಕ."

ಗುಂಡಿಯಿಂದ ಹತ್ತಿ ಬಂದು, ಹೆಣಕ್ಕೆ ಭುಜ ಕೊಟ್ಟು ಒಬ್ಬಳೇ ಮಗುಚಲು ನೋಡಿದಳು. ಅಲುಗಲಿಲ್ಲ. ಧಣಿ ಕಣ್ಸನ್ನೆ ಮಾಡಿದ. ಮೈದುನ ಕಾಲಿನಿಂದ ಒದ್ದು ಅದನ್ನು ಗುಂಡಿಗೆ ಉರುಳಿಸಿದ. ಗಾಯದ ಕಡೆ ಕೆಳಗಾಗಿ ಬಿತ್ತು, ಮೇಲೆ ಮರಳು ಬಿತ್ತು. ಬಲೆಯಕ್ಕ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡು ಮನೆಗೆ ನಡೆದಳು. ಹಿಂದಿನಿಂದ ಧಣಿ ಅವಳ ಹುಟ್ಟಿನವರೆಗೂ ಬೈದ.

ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಒಬ್ಬೊಬ್ಬರಾಗಿ ದೋಣಿ ಮಾರಿ ಎಲ್ಲರೂ ಯಂತ್ರದ ಕೆಲಸಕ್ಕೆ ಸೇರಿದ್ದರು, ಧಣಿಯ ಹಂಗು ಯಾರಿಗಿಲ್ಲ? ಗಂಡನನ್ನು ಕಡಲು ತೆಗೆದುಕೊಂಡ ಮೇಲೆ ಅವಳ ಜೊತೆಗಿದ್ದದ್ದು ಅಳಿವೆಯ ಏಳು ಡಾಲ್ಫಿನ್‌ಗಳೇ. ಅವಳು ಎದೆಮಟ್ಟದ ನೀರಿನಲ್ಲಿ ನಿಂತರೆ ಮೀನನ್ನು ಅಟ್ಟಿಕೊಂಡು ಬರುತ್ತಿದ್ದವು. ಅವಳು ಬಲೆ ಬೀಸುತ್ತಿದ್ದಳು, ತಪ್ಪಿಸಿಕೊಂಡದ್ದು ಅವಕ್ಕೆ. ಮಂಡಿನೋವು, ಸೋರುವ ಸೂರು, ಮೈದುನನ ಹೆಂಡತಿಯ ಕೊಂಕು, ಎಲ್ಲವನ್ನೂ ಅವುಗಳ ಮುಂದೆ ಹೇಳಿಕೊಂಡು ಹಗುರಾಗುತ್ತಿದ್ದಳು. ಈಗ ಆರು. ಅದರಲ್ಲೊಂದು ತುಂಬಿದ ಬಸುರಿ. ಗೋಡೆಗೆ ಒರಗಿ ಕೂತು, ತನಗೆ ಯಾರೂ ಇಲ್ಲ ಎಂದು ಬಾಯಿಬಿಟ್ಟು ಅತ್ತಳು.

ಮರುದಿನ ಬಿಸಿಲೇರುವ ಹೊತ್ತಿಗೆ ಯಂತ್ರ ಗುಡುಗುತ್ತ ಅಳಿವೆಯ ಬಾಯಿಗೆ ಬಂತು. ದಾರಿಗೆ ಅಡ್ಡವಾಗಿ ಬಲೆಯಕ್ಕನ ದೋಣಿ ಲಂಗರು ಹಾಕಿ ನಿಂತಿತ್ತು. ಅದರ ಹಿಂದಿನ ನೀರಿನಲ್ಲಿ ಬಸುರಿ ಡಾಲ್ಫಿನ್ ಬೆನ್ನು ತೋರಿಸಿ ಮುಳುಗಿತು.

ಮೈದುನ ಯಂತ್ರದ ಕಿಟಕಿಯಿಂದ ತಲೆ ಹೊರಹಾಕಿದ. "ಅತ್ತಿಗೆ, ದೋಣಿ ತೆಗಿ. ಏನೇ ಬಂದ್ರೂ ನಿಲ್ಲಿಸಬೇಡ ಅಂದಿದಾನೆ ಧಣಿ."

"ಅವನು ಅಂದ. ಕೈ ನಿಂದು."

"ನಂಗೆ ಮಕ್ಕಳಿವೆ ಅತ್ತಿಗೆ."

"ಗೊತ್ತು. ಎತ್ತಿ ಆಡಿಸಿದವಳು ನಾನೇ."

ಬಲೆಯಕ್ಕ ಹುಟ್ಟನ್ನು ಎತ್ತಿ, ಕೈಯಲ್ಲಾದಷ್ಟು ದೂರ ನೀರಿಗೆ ಎಸೆದಳು. ಲಂಗರಿನ ಹಗ್ಗವನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿ, ಯಂತ್ರದ ಕಡೆ ಮುಖ ಮಾಡಿ ಕೂತಳು. ಯಂತ್ರ ಇನ್ನೂ ಬರುತ್ತಲೇ ಇತ್ತು.