ಡಾಕ್ಟರು ಏನಂದ್ರು?

ಮನೆಯಲ್ಲಿ ಯಾರಿಗಾದರೂ ಕೆಮ್ಮು ಶುರುವಾದರೆ ಬಿಸಿನೀರು ಕುಡಿ ಅನ್ನುತ್ತೇವೆ. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆ. ಅಲ್ಲಿ ಡಾಕ್ಟರು ಬರೀ ಇಂಗ್ಲಿಷಿನಲ್ಲಿ ಮಾತಾಡಿದರೆ? ಸ್ಕೂಲಿಗೆ ಹೋಗುವ ಮಗುವನ್ನು ಮುಂದೆ ತಳ್ಳುತ್ತೇವೆ. ಈ ಮನೆಯಲ್ಲೂ ಹಾಗೇ ಆಯಿತು.

ಕೆಲಸ ಹುಡುಕಿಕೊಂಡು, ಕನ್ನಡ ನಡೆಯದೆ ಇಂಗ್ಲಿಷೇ ನಡೆಯುವ ದೂರದ ಊರಿಗೆ ಬಂದವರು ಇವರು. ಅಪ್ಪ ಗೋಡೆಗೆ ಬಣ್ಣ ಬಳಿಯುವವನು. ಅಮ್ಮ ಹೋಟೆಲಿನ ಲಾಂಡ್ರಿಯಲ್ಲಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವವಳು. ಮಗಳು ಪುಟ್ಟಿ, ಆರನೇ ಕ್ಲಾಸು. ಮನೆ ಓನರ್ ಬಂದರೂ ಅವಳೇ ಮಾತಾಡಬೇಕು, ಕರೆಂಟ್ ಹೋದರೂ ಅವಳೇ ಫೋನ್ ಮಾಡಬೇಕು.

ಮೇಲಿನ ಮನೆಯಲ್ಲಿ ಕನ್ನಡದವಳೇ ಒಬ್ಬ ಅಕ್ಕ ಇದ್ದಳು. ಮೆಡಿಕಲ್ ಶಾಪಿನಲ್ಲಿ ಕೆಲಸ. ಭಾನುವಾರ ಸಂಜೆ ತನ್ನ ಅಡುಗೆಮನೆಯಲ್ಲೇ ನಾಲ್ಕಾರು ಹೆಂಗಸರಿಗೆ ಪುಕ್ಕಟೆಯಾಗಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. “ನೀನೂ ಬಾರೇ” ಎಂದು ಎಷ್ಟು ಸಲ ಕರೆದರೂ ಅಮ್ಮನದು ಒಂದೇ ಉತ್ತರ.

“ಈ ವಯಸ್ಸಲ್ಲಿ ಎ ಬಿ ಸಿ ಡಿ ಕಲ್ತು ನಾನೇನು ಆಫೀಸರ್ ಆಗ್ಬೇಕಾ ಅಕ್ಕ? ಪುಟ್ಟಿ ಇದಾಳಲ್ಲ. ಅವಳೇ ನನ್ನ ಬಾಯಿ, ಅವಳೇ ನನ್ನ ಕಿವಿ.”

ಅಪ್ಪ ಕೆಮ್ಮಿನ ನಡುವೆಯೇ ನಗುತ್ತಿದ್ದ. “ಬೇಡ ತಾಯಿ, ಕಲಿಸ್ಬೇಡಿ. ಈಗ ಒಂದು ಭಾಷೇಲಿ ಬೈತಾಳೆ, ಆಮೇಲೆ ಎರಡರಲ್ಲೂ ಬೈತಾಳೆ.”

ಕೆಮ್ಮು ನಿಲ್ಲಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರು ತುಂಬ ಹೊತ್ತು ಮಾತಾಡಿದರು. ಪುಟ್ಟಿ ಅವರ ಮುಖವನ್ನೇ ನೋಡುತ್ತಿದ್ದಳು.

“ಡಾಕ್ಟರು ಏನಂದ್ರು ಪುಟ್ಟಿ?”

“ಮಾತ್ರೆ ತಗೊಂಡ್ರೆ ಸರಿಹೋಗುತ್ತಂತೆ.”

ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ ಎಂದು ಅಮ್ಮ ಕೇಳಲಿಲ್ಲ. ಬೇಕಾದ ಮಾತು ಸಿಕ್ಕಿದ ಮೇಲೆ ಯಾರು ಕೆದಕುತ್ತಾರೆ ಹೇಳಿ? ಅಪ್ಪ ಮರುದಿನವೇ ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದ. ಸರಿಹೋಗುವ ಕಾಯಿಲೆಗೆ ಇಷ್ಟೊಂದು ಮಾತ್ರೆ ಯಾಕೆ ಎನ್ನುತ್ತ ಅರ್ಧರ್ಧ ಮುರಿದು ನುಂಗಿದ. ಹಲ್ಲು ಕಚ್ಚಿಕೊಂಡು ನರಳಿದ. ಪುಟ್ಟಿಗೆ ಊಟ ಸೇರುತ್ತಿರಲಿಲ್ಲ. ಯಾರೂ ಹೇಳದಿದ್ದರೂ ಅಪ್ಪನ ತಟ್ಟೆ ತೊಳೆದಿಡುತ್ತಿದ್ದಳು, ಚಪ್ಪಲಿ ಒರೆಸಿಡುತ್ತಿದ್ದಳು. ಮಗಳಿಗೆ ಬುದ್ಧಿ ಬಂತು ಎಂದುಕೊಂಡಳು ಅಮ್ಮ.

ಮಾತ್ರೆ ಮುಗಿಯುತ್ತ ಬಂದಾಗ ಅಮ್ಮ ಒಂದು ಖಾಲಿ ಸ್ಟ್ರಿಪ್ ಹಿಡಿದು ಅಕ್ಕನ ಮನೆಗೆ ಹೋದಳು. ಪುಟ್ಟಿಯೂ ಹಿಂದೆ ಬಂದಳು.

ಅಕ್ಕ ಸ್ಟ್ರಿಪ್ ತಿರುಗಿಸಿ ನೋಡಿದಳು. “ಇದು ಕಾಯಿಲೆ ವಾಸಿ ಮಾಡೋದಲ್ವಲ್ಲೇ. ಜೋರು ನೋವು ತಡೆಯೋ ಮಾತ್ರೆ. ಡಾಕ್ಟರು ಏನಂದ್ರು?”

“ಸರಿಹೋಗುತ್ತೆ ಅಂದ್ರು. ಅಲ್ವಾ ಪುಟ್ಟಿ?”

ಪುಟ್ಟಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಇಲ್ಲಮ್ಮ. ವಾಸಿ ಆಗಲ್ಲ ಅಂದ್ರು. ಅಪ್ಪ ಜಾಸ್ತಿ ದಿನ ಇರಲ್ಲ, ಅಮ್ಮಂಗೆ ಹೇಳು ಅಂದ್ರು. ನಾನು ಹೇಗಮ್ಮ ಹೇಳ್ಲಿ?”

ಅಷ್ಟು ದಿನ ಆ ಮಾತನ್ನು ಆ ಹುಡುಗಿ ಒಬ್ಬಳೇ ಹೊತ್ತಿದ್ದಳು. ಇದನ್ನು ಹೇಳುವಾಗ ನನಗೆ ಡಾಕ್ಟರ ಮೇಲೂ ಸಿಟ್ಟು ಬರುತ್ತದೆ, ಅಮ್ಮನ ಮೇಲೂ ಬರುತ್ತದೆ. ಪುಟ್ಟಿಯ ಮೇಲೆ ಮಾತ್ರ ಬರುವುದಿಲ್ಲ.

ಅಮ್ಮ ಅತ್ತಳು. ಅತ್ತು ಮುಗಿದ ಮೇಲೆ, “ಅಕ್ಕ, ನಂಗೂ ಕಲಿಸ್ತೀರಾ? ನನ್ನ ತಲೆಗೆ ಹತ್ತುತ್ತಾ?” ಅಂದಳು.

“ಎ ಬಿ ಸಿ ಡಿ ಆಮೇಲೆ ನೋಡೋಣ. ಡಾಕ್ಟರ್ ಹತ್ರ ನಿಂಗೇನು ಕೇಳ್ಬೇಕು ಹೇಳು. ಅದನ್ನೇ ಕಲಿಯೋಣ.”

ಅಕ್ಕ ಡಾಕ್ಟರಾದಳು, ಅಮ್ಮ ಎದುರಿನ ಸ್ಟೂಲಿನ ಮೇಲೆ ಕೂತಳು. ಪ್ಲೀಸ್ ಸ್ಪೀಕ್ ಸ್ಲೋಲಿ. ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಹೌ ಮೆನಿ ಟ್ಯಾಬ್ಲೆಟ್ಸ್? ನಾಲಿಗೆ ತೊಡರಿತು, ನಾಚಿಕೆಯಾಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಒತ್ತುವಾಗಲೂ ಅದನ್ನೇ ಗೊಣಗಿದಳು. ಜೊತೆಯವರು ನಕ್ಕರು. ನಗಲಿ ಬಿಡಿ. ‘ಹೌ ಲಾಂಗ್’, ಇನ್ನೆಷ್ಟು ದಿನ, ಅನ್ನುವುದನ್ನು ಮಾತ್ರ ಅಕ್ಕ ಒಂದೇ ಸಲ ಹೇಳಿಕೊಟ್ಟಳು. ಅಮ್ಮನೂ ಮತ್ತೆ ಹೇಳಿಸಲಿಲ್ಲ.

ಮುಂದಿನ ಸಲ ಪುಟ್ಟಿಯನ್ನು ಸ್ಕೂಲಿಗೆ ಕಳಿಸಿ, ಗಂಡನ ಕೈ ಹಿಡಿದು ಅಮ್ಮನೇ ಒಳಗೆ ಹೋದಳು. ಡಾಕ್ಟರು ಎಂದಿನಂತೆ ಗಡಗಡ ಶುರುಮಾಡಿದರು.

“ಪ್ಲೀಸ್, ಸ್ಲೋಲಿ,” ಎಂದಳು.

ಡಾಕ್ಟರು ತಲೆಯೆತ್ತಿ ಅವಳನ್ನು ನೋಡಿದರು. ಬಿಡಿಸಿ ಬಿಡಿಸಿ ಹೇಳಿದರು. ಎಲ್ಲವೂ ತಿಳಿಯಲಿಲ್ಲ, ತಿಳಿಯಬೇಕಾದ್ದು ತಿಳಿಯಿತು. ಮಾತ್ರೆ ಮುರಿಯಬಾರದು. ಏಣಿ ಹತ್ತಬಾರದು. ಮನೆಯಲ್ಲೇ ಇರಬಹುದು. ಇನ್ನು ಕೆಲವೇ ವಾರ.

ಅಮ್ಮ ಅದನ್ನು ಗಂಡನಿಗೆ ಹೊರಗಿನ ಬೆಂಚಿನ ಮೇಲೆ ಕೂತು ಹೇಳಿದಳು.

“ಗೊತ್ತಿತ್ತು ಕಣೇ,” ಅಂದ ಅವನು. “ಅವತ್ತೇ ಮಗು ಮುಖ ನೋಡಿ ಗೊತ್ತಾಯ್ತು. ಅವಳ ಮಾತು ನಿಜ ಆಗ್ಲಿ ಅಂತ ಏಣಿ ಹತ್ತಿದೆ.”

ಸಂಜೆ ಪುಟ್ಟಿ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು. “ಅಮ್ಮ, ಡಾಕ್ಟರು ಏನಂದ್ರು?”

“ನಾನು ಹೇಳ್ತೀನಿ ಬಾ. ಇನ್ಮೇಲೆ ಕೇಳೋದೂ ಹೇಳೋದೂ ನನ್ನ ಕೆಲಸ. ನೀನು ಮೊದ್ಲು ಊಟ ಮಾಡು.”

ಪುಟ್ಟಿ ಅಪ್ಪನ ಪಕ್ಕ ಕೂತು ಉಂಡಳು. ಎರಡನೇ ಸಲ ಬಡಿಸಿಕೊಂಡಳು.

ಅಪ್ಪ ಈಗಿಲ್ಲ. ಕೊನೆಯ ದಿನಗಳಲ್ಲಿ ನರಳಲಿಲ್ಲ, ಅಷ್ಟೇ ಸಮಾಧಾನ. ಅಮ್ಮ ಈಗಲೂ ಭಾನುವಾರ ಮೇಲಿನ ಮನೆಗೆ ಹೋಗುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇಂಗ್ಲಿಷ್ ಬರುವವರು ನೀವಾಗಿದ್ದರೆ ವಾರಕ್ಕೊಂದು ಸಂಜೆ ನೆರೆಯವರಿಗೆ ಕೊಡಿ. ಬೋರ್ಡು ಬೇಡ, ಎರಡು ಸ್ಟೂಲು ಸಾಕು. ಬಾರದವರಾಗಿದ್ದರೆ ನಾಚಿಕೆ ಬಿಟ್ಟು ಹೋಗಿ ಕೂತುಕೊಳ್ಳಿ. “ನನಗೆ ಅರ್ಥವಾಗಲಿಲ್ಲ, ನಿಧಾನವಾಗಿ ಹೇಳಿ” ಎನ್ನುವ ಒಂದು ಮಾತನ್ನಾದರೂ ಈ ವಾರವೇ ಕಲಿಯಿರಿ. ಅದನ್ನು ಹೇಳಬೇಕಾದವರು ನೀವು, ನಿಮ್ಮ ಮಗುವಲ್ಲ.