ಜೋಡಿಯಿಲ್ಲದ ನೀಲಿ

ಕಂಪ್ಯೂಟರ್ ಪರದೆಯ ಮೇಲೆ ನೀಲಿ ಕಂಡು ಕುಬರಾ ಮತ್ತೊಮ್ಮೆ ಅಳೆದಳು. ಮತ್ತೆ ನೀಲಿ. ಅಲ್ಲಿ ಹಸಿರಿರಬೇಕಿತ್ತು.

ಬೀದರಿನ ಆ ಪ್ರಯೋಗಾಲಯದಲ್ಲಿ ಅವಳ ಕೆಲಸ ತೊಗರಿಯ ಜೀವಕೋಶಗಳ ಮೇಲೆ. ಹೊಸ ತಳಿಯೊಳಗೆ ಎರಡು ಪ್ರೋಟೀನುಗಳು ಅಂಟಿಕೊಳ್ಳುತ್ತವೆ, ಅದರಿಂದಲೇ ಗಿಡ ಬರ ತಡೆಯುತ್ತದೆ ಎಂದು ಅವಳ ಗುರು ಗೋರಖನಾಥ ಸರ್ ನಂಬಿದ್ದರು. ಒಂದಕ್ಕೆ ಹೊಳೆಯುವ ಗುರುತು, ಇನ್ನೊಂದಕ್ಕೆ ಆ ಹೊಳಪು ಹೀರುವ ಗುರುತು ಹಚ್ಚಿ, ಲೇಸರ್ ತಾಗಿಸಿ, ಹೊಳಪು ಎಷ್ಟು ಬೇಗ ಆರುತ್ತದೆ ಎಂದು ಅಳೆಯುತ್ತಿದ್ದರು. ಜೋಡಿ ಮಗ್ಗುಲಲ್ಲೇ ಇದ್ದರೆ ಬೇಗ ಆರಿ, ಪರದೆಯಲ್ಲಿ ನೀಲಿ ಮೂಡುತ್ತದೆ; ಇಲ್ಲದಿದ್ದರೆ ಹಸಿರು. ಹೋದ ವಾರ ನೀಲಿ ಮೂಡಿದಾಗ ಸರ್ ಪೇಡೆ ಹಂಚಿದ್ದರು.

ಇಂದು ಕುಬರಾ ಹೊಳೆಯುವ ಪ್ರೋಟೀನನ್ನು ಒಂಟಿಯಾಗಿ ಇಟ್ಟಿದ್ದಳು, ಅದರ ಜೋಡಿಯನ್ನು ಹಾಕಿಯೇ ಇರಲಿಲ್ಲ. ಆದರೂ ನೀಲಿ!

ಕೋಣೆಯ ಸೆಕೆಯೇ ಕಾರಣವೆಂದು ಆಗ ಅವಳಿಗೆ ಹೊಳೆಯಿತು. ಮೊದಲು ಒಂಟಿ ಪ್ರೋಟೀನನ್ನು ಅಳೆದದ್ದು ಚಳಿಗಾಲದಲ್ಲಿ, ಜೋಡಿಯನ್ನು ಈ ಬರದ ಬೇಸಿಗೆಯಲ್ಲಿ, ಎಸಿ ಕೆಟ್ಟ ಮೇಲೆ. ಕಾವಿಗೇ ಹೊಳಪು ಬೇಗ ಆರುತ್ತಿತ್ತು.

ಪಕ್ಕದ ಸಭಾಂಗಣದಲ್ಲಿ ಹೊಸ ಬೀಜದ ಸುದ್ದಿ ಕೇಳಲು ಖಟಕ ಚಿಂಚೋಳಿ ಊರಿನ ರೈತರು ಕುಳಿತಿದ್ದರು. ಸರ್ ಇನ್ನೇನು ಮೈಕಿನತ್ತ ಹೊರಟಿದ್ದರು. ಕುಬರಾ ಬಾಗಿಲಲ್ಲೇ ಅಡ್ಡ ನಿಂತಳು.

“ಸರ್, ತಡೀರಿ. ಒಂಟಿ ಪ್ರೋಟೀನಿಗೂ ನೀಲಿನೇ ಬರ್ಲತ್ತದ್ರಿ.”

ಸರ್ ಸಭಾಂಗಣದತ್ತ ಕಣ್ಣು ಹಾಯಿಸಿದರು. “ನಾಳಿ ನೋಡಮು. ಮಂದಿ ಕುಂತಾರ.”

“ನಮ್ಮ ಮಾತು ನಂಬಿ ಬಿತ್ತತಾರ್ರಿ ಅವರು.”

“ನಿಮ್ಮ ಎಕಂಬಾದ ಅರ್ಧ ಊರು ಹೈದರಾಬಾದಿಗಿ ಗುಳೆ ಹೋಗ್ಯಾದ. ಒಂದರೆ ಛಲೋ ಸುದ್ದಿ ಬ್ಯಾಡೇನು?”

“ನಮ್ಮಣ್ಣ ಯುನುಸ ಭಾಯಿನೂ ಹೋಗ್ಯಾನ್ರಿ. ಈ ಸುದ್ದಿ ಕೇಳಿ ಅವ ತಿರುಗಿ ಬಂದ್ರ, ಅವನಿಗಿ ಏನ್ ಹೇಳಲಿ?”

ಸರ್ ಅವಳನ್ನು ದಾಟಿ ಹೋಗಿ ಮೈಕು ಹಿಡಿದರು. ಹೊಸ ತೊಗರಿಯ ಹೆಸರೆತ್ತಿದರು. ಕುಬರಾ ದುಪಟ್ಟಾದ ಸೆರಗು ಹಿಂಡುತ್ತ ನಿಂತಳು. ಸರ್ ನಡುವೆ ಮಾತು ನಿಲ್ಲಿಸಿ, ಬಾಗಿಲಲ್ಲಿದ್ದ ಅವಳತ್ತ ನೋಡಿ, ಮತ್ತೆ ರೈತರತ್ತ ತಿರುಗಿದರು.

“ಈ ಬೀಜ ಬರ ತಡೀತದ ಅಂತ ಹೇಳಾಕ ಕರೆದಿದ್ದೆ. ಹೇಳಾಕ ಆಗಲ್ರಿ. ನಮ್ಮ ಲೆಕ್ಕ ತಪ್ಪ್ಯಾದ.”

ಸಭೆ ಗುಜುಗುಜು ಎಂದಿತು. ಕೆಲವರು ಎದ್ದೇ ಹೋದರು. ಮುಂದೆ ಕುಳಿತ ಅಂಜನಾಬಾಯಿ ಕೇಳಿದಳು: “ಹಂಗಾರ ಹಳೀ ಬೀಜನೇ ಬಿತ್ತಬೇಕೇನ್ರಿ?”

“ಹೌದ್ರಿ ಬಾಯಿ, ಈ ವರ್ಷ ಅದೇ.”

ಅಂದಿನಿಂದ ಸರ್ ಕುಬರಾಳೊಡನೆ ಮಾತು ಬಿಟ್ಟರು. ಮಳೆ ಬಿದ್ದು ಕೋಣೆ ತಂಪಾದ ಮೇಲೆ ಕುಬರಾ ಒಂಟಿಯನ್ನೂ ಜೋಡಿಯನ್ನೂ ಒಂದೇ ದಿನ ಅಳೆದಳು. ಎರಡೂ ಹಸಿರು. ಅಂಟಿಕೊಂಡದ್ದಕ್ಕೆ ಪುರಾವೆಯೇ ಇರಲಿಲ್ಲ.

ಹಿಂದೆ ಯಾರೋ ಸ್ಟೂಲು ಎಳೆದ ಸಪ್ಪಳಾಯಿತು. ಸರ್ ಮಗ್ಗುಲಲ್ಲಿ ಕುಳಿತು ಎರಡೂ ಹಸಿರನ್ನು ನೋಡಿದರು.

“ಹಂಗಾರ ಬರ ತಡಿಯೋದು ಬ್ಯಾರೆ ಯಾವ ಪ್ರೋಟೀನ್ ಇರಬಹುದು ಅಂತ ಡೌಟದ ನಿನಗ?” ಎಂದರು.